ಕೊಪ್ಪಳ ಸೀಮೆಯ ಗುಡ್ಡದ ಕಿರುನಡಿಗೆಗಳು

ಕೊಪ್ಪಳ, ಗಂಗಾವತಿ ತಾಲ್ಲೂಕುಗಳ ಕಲ್ಲುಗುಡ್ಡಗಳಲ್ಲಿ ಅರ್ಧ ದಿನದೊಳಗೆ ಮುಗಿಯುವ ಕಾಲುದಾರಿಗಳು. ಹೆಚ್ಚು ಹೆಸರಾದದ್ದು ಆನೆಗೊಂದಿ ಬಳಿಯ ಅಂಜನಾದ್ರಿ: ಸುಮಾರು 575 ಮೆಟ್ಟಿಲು ಹತ್ತಿದರೆ ತುಂಗಭದ್ರೆ, ಭತ್ತದ ಗದ್ದೆಗಳು, ಆಚೆ ದಡದ ಹಂಪಿಯ ಬಂಡೆಸಾಲು ಒಟ್ಟಿಗೆ ಕಾಣುತ್ತವೆ. ಆದರೆ ನಡಿಗೆಯ ನಿಜವಾದ ಸೊಗಸು ಹಿರೇಬೆಣಕಲ್ಲಿನ ಮೊರೇರ ಗುಡ್ಡದಲ್ಲಿದೆ. ಕುರುಚಲು ಕಾಡಿನ ಏರುಹಾದಿ ಮುಗಿದಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ನೂರಾರು ಸಮಾಧಿಗಳು, ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಲ್ಮನೆಗಳು ಹರಡಿವೆ. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದೆ. ಸಮೀಪದಲ್ಲೇ ಬಂಡೆಯೇರಿ ಕೂತ ಕಲ್ಲಿನ ನಗಾರಿಯಿದೆ. 2021ರಲ್ಲಿ ಈ ತಾಣ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿತು. ಇತ್ತ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಗುಡ್ಡಗಳಲ್ಲಿ ಅಶೋಕನ ಶಾಸನಗಳಿವೆ. ಚಳಿಗಾಲದ ಬೆಳಗು ನಡಿಗೆಗೆ ಸೂಕ್ತ; ಹಿರೇಬೆಣಕಲ್ಲಿಗೆ ಹೋಗುವವರು ನೀರು ಒಯ್ಯಬೇಕು, ದಾರಿ ಬಲ್ಲ ಊರವರನ್ನು ಜೊತೆಗೆ ಕರೆದುಕೊಳ್ಳಬೇಕು.