ಕೊಂಡ ಮೇಲೆ ಕಂಡ ದೋಷ

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಹೋಬಳಿಗೆ ಸೇರಿದ ಬೂಕನಬೆಟ್ಟದಲ್ಲಿ, ರಂಗನಾಥಸ್ವಾಮಿಯ ಸನ್ನಿಧಿಯಲ್ಲಿ ನೆರೆಯುವ ದನಗಳ ಜಾತ್ರೆಯನ್ನು ಈ ಸೀಮೆಯ ವಾಚಕರು ಬಲ್ಲರು. ಅಲ್ಲಿಗೆ ಎತ್ತು ಕೊಳ್ಳಬಂದ ರೈತನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿಗಳನ್ನು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲ್ಗೊರಸನ್ನು ಗಮನಿಸುತ್ತಾನೆ. ಆಮೇಲೆ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಇಷ್ಟು ಎಚ್ಚರ ವಹಿಸಿದರೂ ಕೆಲವು ದೋಷಗಳು ಜಾತ್ರೆಯ ಬಯಲಿನಲ್ಲಿ ಕಾಣುವಂಥವಲ್ಲ. ಹೆಗಲಿಗೆ ನೊಗವೇರಿದೊಡನೆ ಮಲಗಿಬಿಡುವ ಎತ್ತು, ಮಾರುವವನ ಗೂಟದಲ್ಲಿ ನಿಂತಿರುವಾಗ ಉಳಿದ ಎತ್ತುಗಳಷ್ಟೇ ಲಕ್ಷಣವಾಗಿ ತೋರುತ್ತದೆ.

ದುಡಿಸಿದ ಮೇಲೆ ಮಾತ್ರ ಹೊರಬೀಳುವ ದೋಷಕ್ಕೆ ಹೊಣೆ ಯಾರು? ಈ ಪ್ರಶ್ನೆ ಬಹು ಪ್ರಾಚೀನವಾದುದು. ಬೆಂಗಳೂರು ಮಂಗಳೂರು ಹೆದ್ದಾರಿಯಲ್ಲಿ ಹಿರೀಸಾವೆಯನ್ನು ಹಾದುಹೋಗುವ ಹೊಸ ಕಾರುಗಳ ವಿಷಯದಲ್ಲಿಯೂ ಇಂದು ಏಳುವುದು ಇದೇ ಪ್ರಶ್ನೆ. ಸಾಲ ತೆಗೆದು ಕೊಂಡ ಕಾರು ತಿಂಗಳಿಗೆರಡು ಬಾರಿ ಕಾರ್ಖಾನೆಯ ಬಾಗಿಲಲ್ಲಿ ನಿಂತರೂ ತಿಂಗಳ ಕಂತು ನಿಲ್ಲುವುದಿಲ್ಲ.

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ‘ಕ್ರೀತಾನುಶಯ’ವೆಂದು, ಎಂದರೆ ಕೊಂಡವನ ಪಶ್ಚಾತ್ತಾಪವೆಂದು ಹೆಸರಿಸಿ, ಅದಕ್ಕೆ ವ್ಯವಹಾರಪದಗಳಲ್ಲಿ ಸ್ಥಾನವನ್ನು ಕಲ್ಪಿಸಿದರು. ಸರಕು ಒಪ್ಪಿಗೆಯಾಗದಿದ್ದರೆ ಕೊಂಡ ದಿನವೇ ಅದನ್ನು ಕೆಡಿಸದೆ ಹಿಂದಿರುಗಿಸಬಹುದು. ಎರಡನೆಯ ದಿನವಾದರೆ ಬೆಲೆಯಲ್ಲಿ ಮೂವತ್ತನೆಯ ಒಂದು ಪಾಲು ನಷ್ಟ, ಮೂರನೆಯ ದಿನ ಅದರ ಇಮ್ಮಡಿ, ಮುಂದೆ ಸರಕು ಕೊಂಡವನದೇ ಎಂಬುದು ನಾರದನ ಮತ. ಮೊದಲೇ ಗುಣದೋಷಗಳನ್ನು ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಮರಳಿಸುವಂತಿಲ್ಲವೆಂದೂ ಆತನೇ ಹೇಳಿದ್ದಾನೆ. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಸೂಕ್ಷ್ಮವಾಗಿ ವಸ್ತುವಿನ ಸ್ವಭಾವವನ್ನು ನೋಡಿ ಪರೀಕ್ಷೆಯ ಕಾಲವನ್ನು ಗೊತ್ತುಮಾಡುತ್ತದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಮೊಳೆತು ತೋರಬೇಕಾದ ಬೀಜಕ್ಕೂ ಕರೆದೊಡನೆ ತಿಳಿಯುವ ಹಸುವಿಗೂ ಒಂದೇ ಅಳತೆಯನ್ನು ಹಿಡಿಯದಿರುವುದು ಮೆಚ್ಚತಕ್ಕ ವಿವೇಕ. ಆದರೆ ಅದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಬರುತ್ತದೆ. ಮನುಷ್ಯರನ್ನು ಬೀಜ ಕಬ್ಬಿಣಗಳ ಸಾಲಿನಲ್ಲಿ ನಿಲ್ಲಿಸಿದ ಕಾಲದ ಶಾಸ್ತ್ರವಿದೆಂಬುದನ್ನು ಮರೆಮಾಚಿ ಹೊಗಳುವುದು ಸಲ್ಲದು.

ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕನ್ನಡ ನಾಡಿನವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ದಾಯಭಾಗದ ವಿಚಾರದಲ್ಲಿ ಆತನ ಹೆಸರನ್ನು ವಕೀಲರೆಲ್ಲರೂ ಬಲ್ಲರು. ಕ್ರಯವಿಕ್ರಯದ ಪ್ರಕರಣವನ್ನು ತೆರೆದು ನೋಡುವವರು ವಿರಳ. ದುಷ್ಟವಾದ ಸರಕನ್ನು ನಿರ್ದುಷ್ಟವೆಂದು ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂಬ ವಿಧಿಯೂ ಅದೇ ಸ್ಮೃತಿಯಲ್ಲಿದೆ.

ಇಂಗ್ಲಿಷರ ನ್ಯಾಯಪದ್ಧತಿ ಬೇರೆ ಜಾಡಿನದು. ಕೊಳ್ಳುವವನೇ ಕಣ್ಣು ತೆರೆದು ಕೊಳ್ಳಲಿ ಎಂಬುದು ಅದರ ಮೂಲಸೂತ್ರ. 1930ರ ಜುಲೈ 1ರಂದು ಜಾರಿಗೆ ಬಂದ ಸರಕು ಮಾರಾಟದ ಶಾಸನವು ಈ ಸೂತ್ರಕ್ಕೆ ಕೆಲವು ಅಪವಾದಗಳನ್ನೇನೋ ಕೊಟ್ಟಿತು. ಆದರೆ ಸರಕನ್ನು ಒಪ್ಪಿಕೊಂಡ ಮೇಲೆ ಅದನ್ನು ತಿರಸ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗಿ, ನಷ್ಟ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ‘ಯುಕ್ತವಾದ ಕಾಲ’ ಕಳೆದರೂ ಸುಮ್ಮನಿದ್ದರೆ ಒಪ್ಪಿಕೊಂಡಂತೆಯೇ ಸರಿ. ಆ ಯುಕ್ತಕಾಲವೆಂದರೆ ಎಷ್ಟು ದಿನ? ಯಾಜ್ಞವಲ್ಕ್ಯನು ಎತ್ತಿಗೆ ಐದು ದಿನವೆಂದು ಎಣಿಸಿ ಕೊಟ್ಟಂತೆ ಈ ಶಾಸನವು ಯಾವುದಕ್ಕೂ ಎಣಿಸಿ ಕೊಡಲಿಲ್ಲ.

1986ರ ಗ್ರಾಹಕ ರಕ್ಷಣಾ ಶಾಸನದಿಂದ ಕೊಳ್ಳುವವನ ಕೈ ಬಲವಾಯಿತು. ದೋಷವನ್ನು ನೀಗಿಸು, ಬದಲು ಸರಕನ್ನು ಕೊಡು, ಬೆಲೆಯನ್ನು ಹಿಂದಿರುಗಿಸು, ಪರಿಹಾರ ಕೊಡು ಎಂದು ಆಜ್ಞಾಪಿಸುವ ಅಧಿಕಾರವು ಜಿಲ್ಲೆಯ ವೇದಿಕೆಗೇ ದೊರೆಯಿತು. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲವೆಂಬ ನಿರ್ಬಂಧವನ್ನು 1993ರಲ್ಲಿ ಸಡಿಲಿಸಿ, ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡವನನ್ನೂ ಒಳಗೆ ಸೇರಿಸಿದರು. ತಾನೇ ಓಡಿಸುವ ಒಂದು ಬಾಡಿಗೆ ಕಾರಿನ ಒಡೆಯನಿಗೆ ಇದರಿಂದ ಬಾಗಿಲು ತೆರೆಯಿತು.

ಆದರೂ ಕಾರಿನ ಮೊಕದ್ದಮೆ ಸುಲಭವಾದುದಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಸಂಸ್ಥೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ವಾರಂಟಿಯ ಕರಾರಿನಲ್ಲಿ ಕೆಟ್ಟ ಭಾಗವನ್ನು ಸರಿಪಡಿಸುವ ಅಥವಾ ಬದಲಿಸುವ ಹೊಣೆ ಮಾತ್ರ ಇರುವಾಗ ಇಡೀ ಕಾರನ್ನೇ ಬದಲಿಸಿಕೊಡೆಂಬ ಆಜ್ಞೆ ನಿಲ್ಲದೆಂದು ತೀರ್ಮಾನಿಸಿತು. 2010ರ ನವೆಂಬರಿನಲ್ಲಿ ಫಿಯೆಟ್ ಕಾರೊಂದರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯದ ತೀರ್ಪು ಬೇರೆ ದಾರಿ ತೋರಿಸಿತು. ಸ್ವತಂತ್ರ ತಜ್ಞನು ಪರೀಕ್ಷಿಸಿ ತಯಾರಿಕೆಯಲ್ಲಿಯೇ ಹುಟ್ಟಿದ ದೋಷವೆಂದು ಅಭಿಪ್ರಾಯಪಟ್ಟರೆ, ಕಾರಿನ ಬೆಲೆಯನ್ನೂ ಆಜೀವ ತೆರಿಗೆಯನ್ನೂ ಕಟ್ಟಿದ ಕಂತುಗಳನ್ನೂ ಶೇಕಡಾ 12ರ ಬಡ್ಡಿಯೊಡನೆ ಹಿಂದಿರುಗಿಸತಕ್ಕದ್ದೆಂದಿತು. ಎಲ್ಲವೂ ತಜ್ಞನ ಮಾತಿನ ಮೇಲೆ ನಿಂತಿತು. ಎತ್ತು ಮಲಗುವುದನ್ನು ಊರೆಲ್ಲ ನೋಡಬಹುದು. ಎಂಜಿನ್ನಿನೊಳಗಿನ ಸದ್ದು ಹುಟ್ಟಿನಿಂದ ಬಂದದ್ದೋ ಬಳಕೆಯಿಂದ ಬಂದದ್ದೋ ಎಂಬುದನ್ನು ಹೇಳಬಲ್ಲವರು ಕೆಲವರೇ.

ಅಮೆರಿಕದವರು ಈ ತೊಡಕನ್ನು ಎಣಿಕೆಯಿಂದ ಬಿಡಿಸಿದರು. ಕೆಟ್ಟ ಹೊಸ ಕಾರಿಗೆ ಅವರ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎಂಬ ಹೆಸರು. (ನಮ್ಮಲ್ಲಿ ಹೊಸ ಗಾಡಿಯ ಗಾಲಿಗಳಡಿ ನಿಂಬೆಹಣ್ಣನ್ನಿಟ್ಟು ಹಾಯಿಸಿ ಶುಭ ಕೋರುತ್ತೇವೆ, ಅಲ್ಲಿ ಗಾಡಿಯೇ ನಿಂಬೆಹಣ್ಣು!) 1982ರಲ್ಲಿ ಕನೆಕ್ಟಿಕಟ್ ಸಂಸ್ಥಾನವು ಮಾಡಿದ ಶಾಸನದ ಪ್ರಕಾರ, ಗೊತ್ತಾದ ಅವಧಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಬಾರಿ ದುರಸ್ತಿ ಮಾಡಿಯೂ ಸರಿಹೋಗದಿದ್ದರೆ, ಅಥವಾ ಒಟ್ಟು 30 ದಿನ ಕಾರು ಕಾರ್ಖಾನೆಯಲ್ಲಿಯೇ ಕಳೆದರೆ, ಬದಲು ಕಾರನ್ನೋ ಹಣವನ್ನೋ ಕೇಳಬಹುದು. ಯಾಜ್ಞವಲ್ಕ್ಯನ ಐದು ದಿನಕ್ಕೂ ಇದಕ್ಕೂ ಬುದ್ಧಿಯ ನಂಟುಂಟು. ಇಂಡಿಯಾದಲ್ಲಿ ಕಾರಿಗೆಂದೇ ಇಂತಹ ಎಣಿಕೆಯ ಶಾಸನ ಇಂದಿಗೂ ಇಲ್ಲ. 2019ರಲ್ಲಿ ಮೋಟಾರು ವಾಹನ ಶಾಸನವನ್ನು ತಿದ್ದಿ, ಅಪಾಯಕರ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟರು; ಅದು ಒಂದು ಮಾದರಿಯ ಗಾಡಿಗಳಿಗೆಲ್ಲ ತಗಲುವ ಮಾತು, ಒಬ್ಬನ ಅಂಗಳದಲ್ಲಿ ಕೆಟ್ಟು ನಿಂತ ಒಂದು ಕಾರಿನ ಮಾತಲ್ಲ.

1986ರ ಶಾಸನದ ಸ್ಥಾನದಲ್ಲಿ ಹೊಸ ಗ್ರಾಹಕ ಶಾಸನವು 2020ರ ಜುಲೈನಲ್ಲಿ ಜಾರಿಗೆ ಬಂದುದರಿಂದ ಹಳ್ಳಿಯ ಕೊಳ್ಳುಗನಿಗೆ ಒಂದು ದೊಡ್ಡ ಅನುಕೂಲವಾಗಿದೆ. ಹಿಂದೆ ಬೆಂಗಳೂರಿನಲ್ಲಿ ಕೊಂಡ ಕಾರಿಗೆ ಅಲ್ಲಿಗೇ ಅಲೆಯಬೇಕಾಗುತ್ತಿದ್ದ ಹಿರೀಸಾವೆಯವನು ಈಗ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ಹಾಸನದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷವನ್ನು ಮೀರಿರಬಾರದು. ವ್ಯಾಜ್ಯದ ಕಾರಣ ಹುಟ್ಟಿ ಎರಡು ವರ್ಷ ಕಳೆದಿರಬಾರದು. 5ರಿಂದ 10 ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ. ಎಣಿಕೆಯನ್ನು ಶಾಸನವು ಕೊಡದಿರುವುದರಿಂದ ಅದನ್ನು ಕೊಂಡವನೇ ಕೂಡಿಟ್ಟಿರಬೇಕಾಗುತ್ತದೆ. ಕಾರು ದುರಸ್ತಿಗೆ ಹೋದ ಪ್ರತಿಯೊಂದು ಸಲದ ಚೀಟಿಯಲ್ಲಿ ಒಳಗೆ ಬಿಟ್ಟ ದಿನ, ಹೊರಗೆ ತಂದ ದಿನ, ಅದುವರೆಗೆ ಓಡಿದ ಕಿಲೋಮೀಟರು, ಅವನು ಹೇಳಿದ ದೂರು ಇವಿಷ್ಟೂ ಇರಬೇಕು. ದೂರನ್ನು ಬಿಟ್ಟು ‘ಸಾಮಾನ್ಯ ತಪಾಸಣೆ’ ಎಂದಷ್ಟೇ ಗೀಚಿದ ಚೀಟಿಗೆ ರುಜು ಹಾಕಿ ಬಂದರೆ, ಮುಂದೆ ಹಾಸನದಲ್ಲಿ ಅದೇ ಚೀಟಿಯನ್ನು ಪ್ರತಿವಾದಿಯ ವಕೀಲರು ಓದಿ ತೋರಿಸುತ್ತಾರೆ.