ಇವತ್ತು ಯಾವ ವಾರ?

ನಮ್ಮ ಗದಗ ಸೀಮೆಯಲ್ಲಿ ‘ಇನ್ನೊಂದು ವಾರ ಬಿಟ್ಟು ಬರುತ್ತೇನೆ’ ಅನ್ನುವವರು ಕಡಿಮೆ. ‘ಎಂಟ ದಿನಕ್ಕ ಬರ್ತೀನ್ರಿ’ ಅನ್ನುವುದೇ ರೂಢಿ. ಏಳು ದಿನದ ವಾರ ಎಂಟು ದಿನವಾಗುವುದು ಹೇಗೆಂದರೆ, ಈ ಲೆಕ್ಕ ಸೋಮವಾರದಿಂದ ಸೋಮವಾರಕ್ಕೆ. ಹೊರಟ ದಿನವನ್ನೂ ಮರಳಿ ಬಂದ ದಿನವನ್ನೂ ಸೇರಿಸಿಯೇ ಎಣಿಸಬೇಕು. ಹಾಗೆಂದು ‘ವಾರ’ ಎಂಬ ಮಾತು ಇಲ್ಲಿಯ ಬಾಯಲ್ಲಿ ಇಲ್ಲವೇ ಇಲ್ಲ ಅಂತಲ್ಲ, ದಿನಕ್ಕೆ ಹತ್ತು ಸಲ ಬರುತ್ತದೆ. ಆದರೆ ಅದಕ್ಕೆ ಬೇರೆ ಕೆಲಸ ಕೊಟ್ಟಿದ್ದಾರೆ. ‘ಇವತ್ತ ಯಾ ವಾರ?’ ಎಂದು ಕೇಳಿದರೆ ದಿನದ ಹೆಸರು ಹೇಳಬೇಕು. ‘ಇವತ್ತ ನಮ್ಮದು ವಾರ ಐತಿ’ ಅಂದರೆ ಮನೆದೇವರ ದಿನ, ಒಂದೇ ಹೊತ್ತು ಊಟ. ‘ಇವತ್ತ ಸಂಘದ ವಾರ’ ಅಂದರೆ ಕಂತು ಕಟ್ಟುವ ದಿನ.

ಬರವಣಿಗೆಯ ಕನ್ನಡದಲ್ಲಿ ‘ವಾರೊಪ್ಪತ್ತು’ ಎಂಬ ಚೆಂದದ ಮಾತೊಂದಿದೆ. ‘ವಾರೊಪ್ಪತ್ತಿನಲ್ಲಿ ಕೆಲಸ ಮುಗಿಯುತ್ತದೆ’ ಅನ್ನುತ್ತೇವಲ್ಲ, ಅದು. ವಾರ, ಅದರ ಮೇಲೊಂದು ಒಪ್ಪತ್ತು. ಕಾಲವನ್ನು ಊಟದ ಹೊತ್ತಿನಿಂದ ಅಳೆದ ಮಾತು. ವಾರ ಸಂಸ್ಕೃತದಿಂದ ಬಂದದ್ದು, ಒಪ್ಪತ್ತು ಅಚ್ಚಗನ್ನಡದ್ದು. ಎರಡೂ ಕೂಡಿ ಸಂಸಾರ ಮಾಡಿಕೊಂಡಿವೆ.

ಸಂಸ್ಕೃತದಲ್ಲಿ ವಾರಕ್ಕೆ ಸರದಿ, ಗೊತ್ತು ಮಾಡಿದ ಹೊತ್ತು ಎಂಬ ಅರ್ಥಗಳಿವೆ. ನಾವು ಪಾಳಿ ಅನ್ನುತ್ತೇವಲ್ಲ, ಅದೇ. ಸೂರ್ಯನ ಪಾಳಿ, ಚಂದ್ರನ ಪಾಳಿ, ಮಂಗಳನ ಪಾಳಿ ಎಂದು ಏಳು ಗ್ರಹಗಳು ಒಂದೊಂದು ದಿನ ಹಂಚಿಕೊಂಡವು. ಆ ಏಳೂ ಪಾಳಿ ಒಂದು ಸುತ್ತು ಮುಗಿದರೆ ಅದಕ್ಕೂ ವಾರ ಎಂದೇ ಹೆಸರಾಯಿತು. ಈ ಪಾಳಿಯ ಅರ್ಥ ಮಾಸಿಹೋಗಿಲ್ಲ. ಅದು ಗಟ್ಟಿಯಾಗಿ ಉಳಿದು ಬಂದದ್ದು ಅಡಿಗೆಮನೆಯಲ್ಲಿ ಎಂಬುದು ನನ್ನ ನಂಬಿಕೆ.

ವಾರಾನ್ನವನ್ನೇ ನೋಡಿ. ಹಾಸ್ಟೆಲುಗಳಿಲ್ಲದ ಕಾಲದಲ್ಲಿ ಹಳ್ಳಿಯಿಂದ ಧಾರವಾಡಕ್ಕೋ ಮೈಸೂರಿಗೋ ಓದಲು ಹೋದ ಬಡ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಬುಧವಾರ ಯಾವುದೋ ಅಜ್ಜಿಯ ಮನೆ. ಐದೇ ಮನೆ ಸಿಕ್ಕವನು ಉಳಿದ ಎರಡು ದಿನ ಚುರುಮುರಿಯ ಮೇಲೆ ದಿನ ನೂಕಬೇಕು. ಯಾವ ಮನೆಯಲ್ಲಿ ತುಪ್ಪ ಬಡಿಸುತ್ತಾರೆ, ಎಲ್ಲಿ ತಟ್ಟೆಯನ್ನು ತುಸು ದೂರ ಸರಿಸುತ್ತಾರೆ ಎಂಬುದೆಲ್ಲ ಅವನಿಗೆ ವಾರದ ಹೆಸರಿನೊಂದಿಗೆ ನೆನಪಿನಲ್ಲಿ ಉಳಿಯುತ್ತಿತ್ತು. ಕನ್ನಡದ ಎಷ್ಟೋ ಹಿರಿಯರ ಆತ್ಮಕಥೆಗಳಲ್ಲಿ ವಾರಾನ್ನದ ಪುಟಗಳೇ ಹೆಚ್ಚು ಸುಡುವ ಪುಟಗಳು. ಆ ಅನ್ನದಲ್ಲಿ ಉಪಕಾರವೂ ಇತ್ತು, ಜಾತಿಯ ಗೋಡೆಯೂ ಇತ್ತು. ವಾರದ ಮನೆ ಎಲ್ಲ ಹುಡುಗರಿಗೂ ತೆರೆಯುವ ಬಾಗಿಲಾಗಿರಲಿಲ್ಲ. ಆಮೇಲೆ ಮಠಗಳ ಪ್ರಸಾದ ನಿಲಯಗಳು ಬಂದವು, ಸರ್ಕಾರದ ಹಾಸ್ಟೆಲುಗಳು ಬಂದವು, ವಾರಾನ್ನ ಹಿಂದೆ ಸರಿಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 2010ರವರೆಗೆ ನಮ್ಮ ನಡುವೆ ಇದ್ದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತದ ಜೊತೆಗೆ ಊಟವನ್ನೂ ಗಟ್ಟಿ ಮಾಡಿಕೊಟ್ಟರು. ಅಲ್ಲಿ ಕಲಿಯುವ ಹುಡುಗ ಇವತ್ತು ಯಾರ ಮನೆ ಎಂದು ಕೇಳಬೇಕಾಗಿಲ್ಲ.

ಕೂಡುಕುಟುಂಬದ ಅಡಿಗೆಮನೆಗೂ ವಾರವಿತ್ತು. ಮೂವರು ಸೊಸೆಯಂದಿರಿದ್ದರೆ ಎಂಟು ದಿನ ಹಿರಿಯವಳು ರೊಟ್ಟಿ ಬಡಿಯಬೇಕು, ಮುಂದಿನ ಎಂಟು ದಿನ ನಡುವಿನವಳು. ಹೀಗೆ ವಾರ ಹಂಚಿಕೊಂಡದ್ದರಿಂದಲೇ ಅವರು ವಾರಗಿತ್ತಿಯರು ಎಂದು ನನ್ನ ನೆರೆಮನೆಯ ಅಜ್ಜಿ ಹೇಳುತ್ತಾರೆ. ನಿಘಂಟಿನ ದಾರಿ ಬೇರೆ: ಅದು ಓರಗಿತ್ತಿ, ಓರಗೆಯವಳು, ಸರಿಸಮಾನಳು. ಆದರೂ ಅಜ್ಜಿಯ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೂದಿಯ ಬಿಸಿಯಲ್ಲಿ ಕೂತು ಆ ಶಬ್ದಕ್ಕೆ ಹೊಸ ಅರ್ಥ ಕೊಟ್ಟವರು ಅವರೇ.

ಸೋಮವಾರ ಇಲ್ಲಿ ಎತ್ತಿನ ವಾರ. ಬಸವಣ್ಣನ ದಿನವೆಂದು ಆವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಬಿಟ್ಟುಬಿಡುತ್ತಾರೆ. ದುಡಿಯುವ ಮೂಕಪ್ರಾಣಿಗೆ ವಾರದ ರಜೆ ಕೊಟ್ಟ ಒಕ್ಕಲುತನ ಇದು. ಈಗ ಹೊಲದಲ್ಲಿ ಟ್ರ್ಯಾಕ್ಟರು, ಅದಕ್ಕೆ ಸೋಮವಾರವಿಲ್ಲ. ಆದರೂ ಎತ್ತು ಇಲ್ಲದ ಮನೆಯಲ್ಲೂ ಸೋಮವಾರ ಬಿತ್ತಲಿಕ್ಕೆ ಹಿಂದೆಮುಂದೆ ನೋಡುವ ಹಿರಿಯರಿದ್ದಾರೆ. ಅವರ ಆ ಹಿಂಜರಿಕೆ ನನಗೆ ಬಹಳ ಇಷ್ಟ. ಎತ್ತಿಗೆ ವಾರವಿದ್ದಂತೆ ಕಿವಿಗೂ ಒಂದು ವಾರವಿದೆ: ಗದಗಿನ ತೋಂಟದಾರ್ಯ ಮಠದಲ್ಲಿ ವಾರಕ್ಕೊಮ್ಮೆ ಶಿವಾನುಭವ ನಡೆಯುತ್ತದೆ. ಆ ಮಠದ ಹಿಂದಿನ ಪೀಠಾಧಿಪತಿ ಸಿದ್ಧಲಿಂಗ ಸ್ವಾಮಿಗಳು ಪುಸ್ತಕದ ಸ್ವಾಮಿಗಳೆಂದೇ ಹೆಸರಾದವರು. ವಚನ, ಇತಿಹಾಸ, ಕೃಷಿ, ವಿಜ್ಞಾನ ಎನ್ನದೆ ಬಲ್ಲವರನ್ನು ಕರೆಸಿ ಮಾತಾಡಿಸುವ ಈ ಪದ್ಧತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟು ಮಂದಿ ಇಂಥ ವಾರಗಳಲ್ಲಿ ಕೂತು ಕೇಳಿಯೇ ತಿಳಿದವರಾದರೋ!

ಕಳೆದ ಎಂಟು ದಿನಗಳಲ್ಲಿ ನನ್ನ ನಾಲಿಗೆಗೆ ಹೆಚ್ಚು ಸುಖ ಕೊಟ್ಟದ್ದು ಪುಂಡಿಪಲ್ಯ. ಸಂತೆಯಲ್ಲಿ ಎಳೆಯ ಪುಂಡಿ ಸಿಕ್ಕಿತು, ಎಲೆ ಮೆತ್ತಗೆ, ಕಾಂಡ ತುಸು ಕೆಂಪು. ದಂಟು ಬಿಟ್ಟು ಎಲೆ ಬಿಡಿಸಿ, ಮಣ್ಣು ಹೋಗುವಷ್ಟು ತೊಳೆದು, ಬೇರೆಯೇ ಕುದಿಸಬೇಕು. ಕುದಿ ಹತ್ತಿದ ತುಸು ಹೊತ್ತಿಗೇ ಹಸಿರೆಲೆ ಕಂದುಬಣ್ಣಕ್ಕೆ ತಿರುಗುತ್ತದೆ, ಹುಳಿಯ ವಾಸನೆ ಪಡಸಾಲೆಯವರೆಗೂ ಬರುತ್ತದೆ. ಹುಳಿ ಜಾಸ್ತಿ ಅನಿಸಿದರೆ ಆ ನೀರು ಬಸಿದುಬಿಡಬೇಕು. ಇನ್ನೊಂದು ಗಡಿಗೆಯಲ್ಲಿ ಒಂದು ಹಿಡಿ ತೊಗರಿಬೇಳೆ, ಅರ್ಧ ಹಿಡಿ ಜೋಳದ ನುಚ್ಚು, ಖಾರ ತಡೆಯುವಷ್ಟು ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಿ, ಎಲೆಯನ್ನು ಅದರಲ್ಲಿ ಕೂಡಿಸಿ, ಉಪ್ಪು ಅರಿಶಿಣ ಹಾಕಿ, ಕಟ್ಟಿಗೆಯ ಹುಟ್ಟಿನಿಂದ ಚೆನ್ನಾಗಿ ಮಸೆಯಬೇಕು. ನುಚ್ಚೇ ಇದರ ಜೀವ. ಅದಿಲ್ಲದಿದ್ದರೆ ಪಲ್ಯ ನೀರೊಡೆಯುತ್ತದೆ. ಕೊನೆಗೆ ಕುಸುಬಿ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಕೈ ಹಿಡಿಯದೆ ಹಾಕಿ, ಅಂಚು ಕೆಂಪಾದ ಮೇಲೆ ಸುರಿಯಬೇಕು. ಮಾಡಿದ ದಿನ ಹುಳಿಯದು ಒಂದು ದಿಕ್ಕು, ಖಾರದ್ದು ಇನ್ನೊಂದು ದಿಕ್ಕು. ಮರುದಿನಕ್ಕೆ ಎರಡೂ ಒಂದಾಗಿರುತ್ತವೆ. ಬಿಸಿ ಜೋಳದ ರೊಟ್ಟಿ, ಮರುದಿನದ ಪುಂಡಿಪಲ್ಯ, ಮೇಲೊಂದು ಚಮಚ ಹಸಿ ಎಣ್ಣೆ, ಕೈಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ಪಾಳಿ ಬರುವತನಕ ಕಾಯಬೇಕು ಎಂಬುದನ್ನು ಈ ಪಲ್ಯದಷ್ಟು ಚೆನ್ನಾಗಿ ಹೇಳಿಕೊಡುವ ತಿನಿಸು ನನಗೆ ತಿಳಿದಂತೆ ಇನ್ನೊಂದಿಲ್ಲ.

ಸಂತೆ ಅಂದೆನಲ್ಲ, ಊರಿಗೊಂದು ಸಂತೆ ವಾರ. ವಾರ ಬಂತೆಂದರೆ ನೇಕಾರನಿಗೆ ಅವಸರ. ‘ಸಂತೆಗೆ ಮೂರು ಮೊಳ’ ಎಂಬ ಮಾತು ಹುಟ್ಟಿದ್ದೇ ಹಾಗೆ. ಬೆಟಗೇರಿಯಂಥ ಮಗ್ಗದ ಊರಿನಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ.

ನಾಲಿಗೆಯ ಸುಖ ಅದಾದರೆ, ಈ ದಿನಗಳ ಓದಿನ ಸುಖಕ್ಕೆ ಲಕ್ಕುಂಡಿಯೇ ಕಾರಣ. ಗದಗಿನಿಂದ ಹೊಸಪೇಟೆ ರಸ್ತೆ ಹಿಡಿದರೆ ಹನ್ನೆರಡು ಕಿಲೋಮೀಟರು. ಶಾಸನಗಳ ಲೊಕ್ಕಿಗುಂಡಿ ಇದೇ. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರೆಂದು ಜನ ಹೇಳುತ್ತಾರೆ. ಇಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ರನ್ನನಿಗೆ ಆಶ್ರಯ ಕೊಟ್ಟವಳು. ಅವಳ ಮಾತಿಗೆಂದೇ ರನ್ನ 993ರಲ್ಲಿ ಹನ್ನೆರಡು ಆಶ್ವಾಸಗಳ ಅಜಿತಪುರಾಣ ಬರೆದ. ವಾರಕ್ಕೊಂದು ಆಶ್ವಾಸ ಎಂದು ನಾನು ಅದನ್ನು ಹಿಡಿದುಕೊಂಡಿದ್ದೇನೆ. ಹಳಗನ್ನಡ ಗಬಗಬನೆ ನುಂಗುವ ಊಟವಲ್ಲ. ಒಂದು ಪದ್ಯದ ಮುಂದೆ ಒಂದು ಸಂಜೆ ಕೂತರೂ ನಷ್ಟವಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಹೇಳುತ್ತಾರೆ. ಅಚ್ಚಿನ ಯಂತ್ರವಿಲ್ಲ, ಕಾಗದವಿಲ್ಲ. ಓಲೆಗರಿ ಮತ್ತು ಅದರ ಮೇಲೆ ಬರೆಯುವ ಕಂಠ. ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕು. ಆ ಲಿಪಿಕಾರರು ಎಲ್ಲಿ ಕೂತರೋ, ಯಾರ ಪಾಳಿ ಯಾವ ಹೊತ್ತಿಗೋ, ಅವರಿಗೆ ಉಣ್ಣಲು ಇಕ್ಕಿದವರು ಯಾರೋ! ಓದುವಾಗ ನನಗೆ ಕವಿಯಷ್ಟೇ ಅವರೂ ಕಣ್ಣ ಮುಂದೆ ಬರುತ್ತಾರೆ.

ಹಳೆಯ ಶಾಸನಗಳಲ್ಲಿ ತೇದಿ ಬರೆಯುವ ಚಂದವೇ ಬೇರೆ. ಶಕವರುಷ, ಸಂವತ್ಸರ, ಮಾಸ, ಪಕ್ಷ, ತಿಥಿ, ಅದಾದ ಮೇಲೆ ವಾರ. ಗ್ರಹಣವೋ ಸಂಕ್ರಾಂತಿಯೋ ಇದ್ದರೆ ಅದೂ ಸೇರುತ್ತದೆ. ಶನಿವಾರಕ್ಕೆ ‘ವಡ್ಡವಾರ’ ಎಂಬ ಹೆಸರಿತ್ತೆಂದು ಶಾಸನ ಬಲ್ಲವರು ಹೇಳುತ್ತಾರೆ. ಅದು ಈಗ ಯಾರ ಬಾಯಲ್ಲೂ ಇಲ್ಲ. ಇಂದಿನ ಓದುಗನಿಗೆ ಈ ವಾರದ ಉಲ್ಲೇಖ ಬರಿ ಅಲಂಕಾರ ಅನಿಸಬಹುದು, ಆದರೆ ಪಂಚಾಂಗದ ಲೆಕ್ಕ ಹಾಕುವವರು ತಿಥಿಯೂ ವಾರವೂ ತಾಳೆಯಾಗುತ್ತವೆಯೇ ಎಂದು ನೋಡಿಯೇ ಶಾಸನದ ಕಾಲ ನಿಶ್ಚಯಿಸುವುದು. ವಾರ ಅಲ್ಲಿ ಸಾಕ್ಷಿ ಹೇಳುತ್ತದೆ.

ವಾರಪತ್ರಿಕೆಯ ಸುಖವನ್ನು ಹೇಳದೆ ಬಿಡಲಾರೆ. ಧಾರವಾಡದಲ್ಲಿ 1921ರಲ್ಲಿ ಹುಟ್ಟಿದ ಕರ್ಮವೀರ, 1965ರ ಸುಧಾ, 1980ರಲ್ಲಿ ಬಂದ ಲಂಕೇಶ್ ಪತ್ರಿಕೆ. ಧಾರಾವಾಹಿ ಕಾದಂಬರಿಯ ಮುಂದಿನ ಕಂತಿಗೆ ಎಂಟು ದಿನ ಕಾದು, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಬಂತೇ ಎಂದು ವಿಚಾರಿಸಿ, ಮನೆಗೆ ತಂದರೆ ಮೊದಲು ಯಾರು ಓದಬೇಕು ಎಂಬುದಕ್ಕೂ ಪಾಳಿ. ಕಾದದ್ದರಿಂದ ಕತೆ ಒಳಗೇ ಬೆಳೆಯುತ್ತಿತ್ತು.

ಇದೇ ವಾರ ಹೆಣ್ಣುಮಕ್ಕಳ ಮುಖ ಬಾಡಿಸುವುದೂ ಉಂಟು. ಸಂಘದ ವಾರ ಅಂದೆನಲ್ಲ, ಉಳಿತಾಯದ ಸ್ವಸಹಾಯ ಸಂಘಗಳಲ್ಲಿ ಅದು ಕೂಡಿ ಕೂತು ಮಾತಾಡುವ, ಹತ್ತಿಪ್ಪತ್ತು ರೂಪಾಯಿ ಕೂಡಿಡುವ ದಿನವಾಗಿತ್ತು. ಸಣ್ಣ ಸಾಲದ ಕಂಪನಿಗಳು ಬಂದ ಮೇಲೆ ಅದು ವಾರದ ಕಂತಿನ ದಿನವಾಯಿತು. ಕೂಲಿ ಸಿಗಲಿ ಬಿಡಲಿ, ಮಳೆ ಬರಲಿ ಬಿಡಲಿ, ವಾರ ತಪ್ಪುವುದಿಲ್ಲ. ಒಂದು ಕಂತು ಕಟ್ಟಲು ಇನ್ನೊಂದು ಸಾಲ. ವಸೂಲಿಯ ಕಿರುಕುಳ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬೆಳೆ ಬರುವುದು ವರುಷಕ್ಕೊಮ್ಮೆ, ಕಂತು ಬರುವುದು ಎಂಟು ದಿನಕ್ಕೊಮ್ಮೆ. ಈ ಎರಡು ಪಾಳಿ ಎಂದೂ ಕೂಡುವುದಿಲ್ಲ ಎಂಬುದನ್ನು ಸಾಲ ಕೊಡುವವರು ಮೊದಲೇ ಯೋಚಿಸಬೇಕಿತ್ತು.

ಇನ್ನು ಐತವಾರ, ಸೂರ್ಯನ ದಿನ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯಲ್ಲಿ ಒಂದೇ ಜಗಲಿಯ ಮೇಲೆ ಎರಡು ಗರ್ಭಗುಡಿಗಳು ಎದುರುಬದುರು ನಿಂತಿವೆ. ದೊಡ್ಡದು ಶಿವನದು, ಸಣ್ಣದು ಸೂರ್ಯನದು. ಬಳಪದ ಕಲ್ಲಿನ ಬಾಗಿಲವಾಡದಲ್ಲಿ ಬಳ್ಳಿ ಸುರುಳಿ ಸುರುಳಿಯಾಗಿ ಹರಿದಿದೆ. ಬೆರಳಿಟ್ಟರೆ ಎಲೆಯ ಅಂಚು ಈಗಲೂ ಚೂಪಾಗಿ ತಾಗುತ್ತದೆ. ಸೋಮವಾರದ ದೇವರೂ ಐತವಾರದ ದೇವರೂ ಹೀಗೆ ಮುಖಾಮುಖಿ ಇರುವ ಗುಡಿ ನಮ್ಮ ಪಕ್ಕದಲ್ಲೇ ಇರುವಾಗ, ಆ ದಿನದ ಹೆಸರನ್ನು ನಾವು ಸಡಿಲ ಬಿಟ್ಟೆವಲ್ಲ ಎಂದು ನನಗೆ ಬೇಸರ. ಶಾಲೆಯ ಪುಸ್ತಕದಲ್ಲಿ ಭಾನುವಾರ. ಹುಬ್ಬಳ್ಳಿ ಧಾರವಾಡದ ಕಡೆಯ ಆಮಂತ್ರಣ ಪತ್ರಿಕೆಗಳಲ್ಲಿ ರವಿವಾರ. ಮನೆಯ ಹಿರಿಯರ ಬಾಯಲ್ಲಿ ಮಾತ್ರ ಐತವಾರ, ಬೇಸ್ತವಾರ. ಓದಿದ ಮಕ್ಕಳು ಅದನ್ನು ತಪ್ಪೆಂದು ತಿದ್ದುತ್ತಾರೆ. ತಪ್ಪಲ್ಲ ಅದು. ಶಾಸನಗಳ ಆದಿತ್ಯವಾರವೇ ಒಕ್ಕಲಿಗರ, ನೇಕಾರರ, ರೊಟ್ಟಿ ಬಡಿಯುವವರ ನಾಲಿಗೆಯ ಮೇಲೆ ಸಾವಿರ ವರುಷ ಉರುಳಿ ಐತವಾರವಾಗಿದೆ, ಬೃಹಸ್ಪತಿವಾರ ಬೇಸ್ತವಾರವಾಗಿದೆ. ಮೂರು ಹೆಸರಲ್ಲಿ ಒಂದನ್ನು ಆರಿಸು ಎಂದರೆ ನಾನು ಐತವಾರವನ್ನೇ ಆರಿಸುತ್ತೇನೆ, ಮೊಮ್ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ. ಈ ಐತವಾರ ನಮ್ಮಲ್ಲಿ ಗದಗಿನ ರೀತಿಯ ಬದನೆಕಾಯಿ ಭಜಿ, ಜೊತೆಗೆ ಒಗ್ಗರಣಿ ಚುರುಮುರಿ. ಬದನೆಕಾಯಿ ಎಳೆಯದಿರಬೇಕು, ಕಡಲೆಹಿಟ್ಟಿಗೆ ಅಜವಾನ ಹಾಕುವುದನ್ನು ಮರೆಯಬಾರದು.