ನಾಸಿಕದ ಮಡಿ, ಮರಾಠವಾಡದ ಚಾನ್ಯಾ

ನಾಸಿಕದಲ್ಲಿ ಬಾಡಿಗೆ ಮನೆ ಹುಡುಕುವಾಗ ಮುಂಗಡದ ಮಾತಿಗೂ ಮೊದಲು ಬರುತ್ತಿದ್ದ ಪ್ರಶ್ನೆ: 'ವೆಜ್ಜಾ, ನಾನ್‌ವೆಜ್ಜಾ?' ಕೇಳುವವರು ನನ್ನ ಹೆಂಡತಿಯ ಮುಖ ನೋಡುತ್ತಿದ್ದರು. ಮನೆಯಲ್ಲಿ ಮೊಟ್ಟೆ ತಿನ್ನುವವನು ನಾನು, ಅವಳಲ್ಲ.

ಮಾಂಸಾಹಾರಕ್ಕೂ ಗಂಡಾಳಿಕೆಗೂ ನಂಟಿದೆ ಎಂದು ಕೆರೋಲ್ ಆಡಮ್ಸ್ 1990ರಲ್ಲಿ ವಾದಿಸಿದರು. ಹಾನ್ ಕಾಂಗ್ ಅವರ ಕಾದಂಬರಿಯಲ್ಲಿ ಮಾಂಸ ಬಿಟ್ಟ ಮಗಳ ಬಾಯಿಗೆ ಅಪ್ಪನೇ ಅದನ್ನು ತುರುಕುತ್ತಾನೆ. ಓದುವಾಗ ಒಪ್ಪಿದ್ದೆ. ಆದರೆ ನಮ್ಮ ಕಡೆ ಹೆಣ್ಣಿನ ಮೇಲೆ ಹೇರಿದ್ದು ಹೆಚ್ಚಾಗಿ ಸಸ್ಯಾಹಾರವನ್ನೇ ಅಲ್ಲವೇ?

ಲಕ್ಷ್ಮೀಬಾಯಿ ತಿಳಕ್ ಹುಟ್ಟಿದ್ದು 1868ರಲ್ಲಿ, ನಾಸಿಕದ ಪಕ್ಕದ ಜಲಾಲ್‌ಪುರದಲ್ಲಿ. ಅವರ ಆತ್ಮಕಥೆ 'ಸ್ಮೃತಿಚಿತ್ರೆ'ಯಲ್ಲಿ ತಂದೆಯ ಮಡಿಯ ಹುಚ್ಚಿನ ವಿವರಗಳಿವೆ. ಮಡಿ ಅಪ್ಪನದು, ಅದಕ್ಕೆ ನೀರು ಹೊರುವ, ತೊಳೆಯುವ, ಉಪವಾಸ ಬೀಳುವ ಪಾಡು ಮನೆಯ ಹೆಂಗಸರದು. ಗಂಡ ನಾರಾಯಣ ವಾಮನ ತಿಳಕರು 1895ರಲ್ಲಿ ಕ್ರೈಸ್ತರಾದರು. ಆಕೆ ಮಾತ್ರ ವರ್ಷಗಟ್ಟಲೆ ಬೇರೆ ಒಲೆ, ಬೇರೆ ನೀರು ಎಂದೇ ಬದುಕಿದರು. ಆಮೇಲೊಂದು ದಿನ, ಜಾತಿ ದೇವರು ಮಾಡಿದ್ದಲ್ಲ ಎಂದು ತಾವೇ ಯೋಚಿಸಿ, ಯಾರ ಕೈಯಿಂದಲಾದರೂ ಉಣ್ಣುವ ನಿರ್ಧಾರಕ್ಕೆ ಬಂದರು. ಯಾವ ಪಾದ್ರಿಯೂ ಹೇಳಿಕೊಟ್ಟಿದ್ದಲ್ಲ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾಗುವುದು ಈ ಜಾಗ.

ನಮ್ಮ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನೆನಪಾಗುತ್ತಾಳೆ. ಬಾಲವಿಧವೆ, ಒಪ್ಪೊತ್ತು ಊಟ. ಕಾಡು, ತೋಟ, ದನಕರುಗಳ ನಡುವಿನ ಅವಳ ಶಾಂತಿಯನ್ನು ಪರಿಸರ ಸ್ತ್ರೀವಾದ ಎಂದು ಹೊಗಳುವುದು ಸುಲಭ. ಆ ಹಸಿವನ್ನು ಅವಳು ಆಯ್ದುಕೊಂಡಿರಲಿಲ್ಲ ಎಂಬುದು ಆಗ ಮರೆಯುತ್ತದೆ.

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಯೇವಲಾ ಸಿಗುತ್ತದೆ. ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ 1935ರಲ್ಲಿ ಸಾರಿದ ಊರು. ಅದಕ್ಕೂ ಮೊದಲು, 1927ರ ಡಿಸೆಂಬರಿನಲ್ಲಿ, ಮಹಾಡ್‌ನಲ್ಲಿ ಅವರು ಹೆಂಗಸರನ್ನೇ ಉದ್ದೇಶಿಸಿ, ಸತ್ತ ದನದ ಮಾಂಸವನ್ನು ಮನೆಯೊಳಗೆ ಬಿಡಬೇಡಿ ಎಂದಿದ್ದರು. ಅದು ಸಸ್ಯಾಹಾರದ ಬೋಧೆಯಲ್ಲ, ಮರ್ಯಾದೆಯ ಪ್ರಶ್ನೆ. ಆದರೂ ಆ ಭಾರವೂ ಬಿದ್ದದ್ದು ಒಲೆಯ ಮುಂದೆ ಕೂತವಳ ಮೇಲೆಯೇ.

ಮರಾಠವಾಡದ ಶಾಹು ಪಾಟೋಳೆ ಅವರು 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಬರೆದರು. ಅನ್ನ ಪೂರ್ಣಬ್ರಹ್ಮ ಎನ್ನುವವರ ಪಂಕ್ತಿಯಲ್ಲಿ ಮಹಾರ್, ಮಾಂಗ್ ಜನರ ಎಲೆ ಇರಲಿಲ್ಲವಲ್ಲ, ಅದಕ್ಕೇ ಆ 'ಅಪೂರ್ಣ'. ಪುಸ್ತಕದಲ್ಲಿ ಚಾನ್ಯಾ ಇದೆ: ಮಾಂಸವನ್ನು ಉದ್ದುದ್ದ ಸೀಳಿ ಬಿಸಿಲಲ್ಲಿ ಒಣಗಿಸಿದ್ದು, ಇಲ್ಲದ ದಿನಗಳಿಗೆಂದು ಎತ್ತಿಟ್ಟದ್ದು. ನನ್ನ ಹೆಂಡತಿ ಅದನ್ನು ಓದಿ, 'ನಮ್ಮಜ್ಜಿ ಸಂಡಿಗೆ ಒಣಗಿಸಿದ ಹಾಗೇ ಇದೆ' ಎಂದಳು.